ಆನ್‌ಲೈನ್‌ನಲ್ಲಿ ಮೌಂಟನ್ ಸೈಕಲ್: ಆರ್ಡರ್ ಮಾಡುವ ಮುನ್ನ ಕಾಲು ಅಳೆಯಿರಿ

ಶಾಲೆಗೆ ರಜೆ ಸಿಕ್ಕಿದ ಮರುದಿನವೇ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ಹುಟ್ಟಿಕೊಳ್ಳುತ್ತದೆ: ಸೈಕಲ್ ಬೇಕು. ಯಾವುದೋ ಒಂದು ಸೈಕಲ್ ಅಲ್ಲ, ದಪ್ಪ ಟಯರಿನ, ಮುಂದುಗಡೆ ಶಾಕ್ ಇರುವ, ಗೇರಿನ ಸೈಕಲ್ಲೇ ಆಗಬೇಕು. ಮಕ್ಕಳು ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸುತ್ತಾರೆ. 18 ಸಾವಿರ ಎಂದು ಬರೆದು ಅದಕ್ಕೆ ಅಡ್ಡಗೀಟು ಹಾಕಿ, ಪಕ್ಕದಲ್ಲಿ 7,999 ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಆಗ ಶುಗರ್ ಶುರುವಾಗಿರುವ ತಂದೆಗೂ ವೈದ್ಯರು ಹೇಳಿದ ವ್ಯಾಯಾಮದ ಮಾತು ನೆನಪಾಗುತ್ತದೆ. ಮಗನಿಗೂ ಆಯಿತು, ತನಗೂ ಆಯಿತು ಎಂದು ಆರ್ಡರ್ ಮಾಡಿಬಿಡುತ್ತಾರೆ.

ಉದ್ದೇಶ ಒಳ್ಳೆಯದೇ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆಯೆಂದೂ ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿ ಇದ್ದಾರೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಓಡುವುದಕ್ಕೆ ಹೋಲಿಸಿದರೆ ಸೈಕಲ್ ತುಳಿಯುವಾಗ ಮಂಡಿಯ ಮೇಲೆ ಬೀಳುವ ಭಾರ ಕಡಿಮೆ. ದಪ್ಪ ಮೈಯವರಿಗೂ ನಲವತ್ತು ದಾಟಿದವರಿಗೂ ಇದು ಒಗ್ಗುವ ವ್ಯಾಯಾಮ.

ಆದರೆ ಹೀಗೆ ಮನೆಗೆ ಬಂದ ಸೈಕಲ್‌ಗಳಲ್ಲಿ ಎಷ್ಟೋ ಮಳೆಗಾಲ ಕಳೆಯುವ ಮೊದಲೇ ಮೆಟ್ಟಿಲ ಕೆಳಗೆ ಸೇರಿ ತುಕ್ಕು ಹಿಡಿಯುತ್ತವೆ. ಮಕ್ಕಳಿಗೆ ಸೋಮಾರಿತನ ಎಂದು ನಾವು ಬೈಯುತ್ತೇವೆ. ನಿಜವಾಗಿ ಎಷ್ಟೋ ಬಾರಿ ಸೈಕಲ್ ಸವಾರನ ಅಳತೆಯದ್ದೇ ಆಗಿರುವುದಿಲ್ಲ. ಇಲ್ಲವೇ ಪೆಟ್ಟಿಗೆಯಿಂದ ತೆಗೆದ ಮೇಲೆ ಅದನ್ನು ಸರಿಯಾಗಿ ಜೋಡಿಸಿರುವುದಿಲ್ಲ. ಮೊದಲನೆಯದರಿಂದ ಮಂಡಿ ಮತ್ತು ಸೊಂಟ ನೋಯುತ್ತದೆ. ಎರಡನೆಯದರಿಂದ ಮೂಳೆ ಮುರಿಯಬಹುದು. ಅಂಗಡಿಯಲ್ಲಾದರೆ ಹತ್ತಿ ಕೂತು ನೋಡಬಹುದು, ಅಂಗಡಿಯವನೇ ಬೋಲ್ಟು ಬಿಗಿದು ಕೊಡುತ್ತಾನೆ. ಆನ್‌ಲೈನ್‌ನಲ್ಲಿ ಈ ಎರಡೂ ಕೆಲಸ ನಿಮ್ಮ ಮೇಲೆ ಬೀಳುತ್ತದೆ. ಬೆಲೆಯಲ್ಲಿ ಉಳಿದ ಹಣ ಈ ಕೆಲಸದ ಕೂಲಿ ಎಂದೇ ತಿಳಿಯಿರಿ.

ಬೆಟ್ಟದ ಸೈಕಲ್ ಹುಟ್ಟಿದ್ದು ಹೀಗೆ

ಮೌಂಟನ್ ಬೈಕ್ ಎಂಬ ಹೆಸರು ಕೇಳಿ ಕೆಲವು ಹಿರಿಯರು ಪೆಟ್ರೋಲ್ ಬೈಕ್ ಎಂದುಕೊಳ್ಳುವುದುಂಟು. ಇದು ಬರೀ ಸೈಕಲ್. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟಯರಿನ ಹಳೆಯ ಸೈಕಲ್‌ಗಳನ್ನು ಬೆಟ್ಟದ ಮಣ್ಣು ದಾರಿಯಲ್ಲಿ ಕೆಳಕ್ಕೆ ಓಡಿಸಲು ತೊಡಗಿದರು. ಒಂದು ಇಳಿಜಾರಿಗೆ ಅವರು ‘ರೀಪ್ಯಾಕ್’ ಎಂದೇ ಹೆಸರಿಟ್ಟಿದ್ದರು. ಒಮ್ಮೆ ಇಳಿದರೆ ಹಿಂದಿನ ಹಬ್‌ನೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಹೆಸರು. 1977ರಲ್ಲಿ ಜೋ ಬ್ರೀಜ್ ಎಂಬವರು ಈ ಕೆಲಸಕ್ಕೆಂದೇ ಹೊಸ ಫ್ರೇಮ್ ಮಾಡಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಈ ಸ್ಪರ್ಧೆಯೂ ಸೇರಿತು.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಬೆಟ್ಟ ಇಳಿಯಲು ನಿಜವಾಗಿ ಮಾಡಿದ ಸೈಕಲ್‌ಗೆ ಇಂದು ಹತ್ತಾರು ಸಾವಿರ, ಕೆಲವಕ್ಕೆ ಲಕ್ಷಗಟ್ಟಲೆ ಬೆಲೆ ಇದೆ. ಏಳೆಂಟು ಸಾವಿರಕ್ಕೆ ಸಿಗುವುದು ಅದರ ರೂಪ ಮಾತ್ರ. ಹಾಗೆಂದು ಅದು ಕೆಟ್ಟದ್ದು ಎಂದಲ್ಲ. ಗುಂಡಿ ಬಿದ್ದ ಡಾಂಬರು ರಸ್ತೆ, ಕಾಂಕ್ರೀಟು ಗಲ್ಲಿ, ಮಣ್ಣಿನ ಕಾಲುದಾರಿ, ಶಾಲೆ, ಮಸೀದಿ, ಅಂಗಡಿ ಇವಿಷ್ಟಕ್ಕೆ ದಪ್ಪ ಟಯರಿನ ಸೈಕಲ್ ಒಳ್ಳೆಯ ಸಂಗಾತಿ. ಬಂಡೆಯ ಮೇಲಿಂದ ಹಾರಿಸಲು ಆಗುವುದಿಲ್ಲ, ಅಷ್ಟೆ. ವಿಡಿಯೋ ನೋಡಿ ಹಾರಿಸಲು ಹೊರಡುವ ಹುಡುಗರಿಗೆ ಇದನ್ನು ಮೊದಲೇ ತಿಳಿಸಿ ಹೇಳಬೇಕು.

ಚಕ್ರದ ಅಳತೆ ಬೇರೆ, ಫ್ರೇಮಿನ ಅಳತೆ ಬೇರೆ

ಆನ್‌ಲೈನ್ ಪುಟದಲ್ಲಿ ದೊಡ್ಡದಾಗಿ ಕಾಣುವ 24, 26, 27.5, 29 ಎಂಬ ಅಂಕಿಗಳು ಚಕ್ರದ ಇಂಚಿನ ಅಳತೆ. ನಿಮ್ಮ ಮೈಗೆ ಸೈಕಲ್ ಹೊಂದುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಫ್ರೇಮಿನ ಅಳತೆ. ಅದು 14, 16, 18 ಎಂದು ಎಲ್ಲೋ ಕೆಳಗೆ ಸಣ್ಣದಾಗಿ ಇರುತ್ತದೆ. ಒಂದೇ 26 ಇಂಚಿನ ಚಕ್ರಕ್ಕೆ ಬೇರೆಬೇರೆ ಫ್ರೇಮ್‌ಗಳು ಇರಬಹುದು. ‘ಬೆಳೆಯುವ ಮಗು, ಒಂದು ಸೈಜು ದೊಡ್ಡದೇ ಇರಲಿ’ ಎಂದು ಚಪ್ಪಲಿ ಕೊಳ್ಳುವಾಗ ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕ ಇಲ್ಲಿ ಬೇಡ. ನೆಲಕ್ಕೆ ಕಾಲು ಎಟುಕದ ಮಗುವಿಗೆ ಅವಸರದಲ್ಲಿ ನಿಲ್ಲಲು ಆಗುವುದಿಲ್ಲ. ಆಗ ಅದು ಫ್ರೇಮಿನ ಕೋಲಿನ ಮೇಲೇ ಬೀಳುತ್ತದೆ.

ಆರ್ಡರ್ ಮಾಡುವ ಮೊದಲು ಹೀಗೆ ಮಾಡಿ. ಸವಾರನನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ. ಪಾದಗಳ ನಡುವೆ ಒಂದು ಗೇಣು ಅಂತರ ಇರಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ, ಸೀಟಿನ ಮೇಲೆ ಕುಳಿತಂತೆ ಮೇಲಕ್ಕೆ ಒತ್ತಿ ಹಿಡಿಯಲು ಹೇಳಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಿರಿ. ಇದು ಕಾಲಿನ ಒಳಅಳತೆ. ಪುಟದಲ್ಲಿ ‘ಸ್ಟ್ಯಾಂಡ್‌ಓವರ್ ಹೈಟ್’ ಎಂದು ಕೊಟ್ಟಿರುವ ಅಳತೆ, ಅಂದರೆ ನೆಲದಿಂದ ಮೇಲಿನ ಕೋಲಿಗೆ ಇರುವ ಎತ್ತರ, ಇದಕ್ಕಿಂತ ಕನಿಷ್ಠ ಎರಡು ಇಂಚು ಕಡಿಮೆ ಇರಬೇಕು. ಆ ಅಳತೆ ಪುಟದಲ್ಲಿ ಇಲ್ಲದಿದ್ದರೆ ಪ್ರಶ್ನೆ ಕೇಳುವ ಜಾಗದಲ್ಲಿ ಕೇಳಿ. ಉತ್ತರ ಬಾರದಿದ್ದರೆ ಆ ಸೈಕಲ್ ಬಿಟ್ಟುಬಿಡಿ.

ಚಕ್ರದ ಬಗ್ಗೆ ಒಂದು ಸ್ಥೂಲ ಲೆಕ್ಕ: ನಾಲ್ಕೂವರೆಯಿಂದ ಐದು ಅಡಿ ಎತ್ತರದ ಮಕ್ಕಳಿಗೆ 24 ಇಂಚು, ಐದು ಅಡಿ ದಾಟಿದವರಿಗೆ 26, ಐದೂಕಾಲರ ಮೇಲೆ 27.5, ಐದು ಅಡಿ ಏಳೆಂಟು ಇಂಚಿನ ಗಂಡಸರಿಗೆ 29. ವಯಸ್ಸು ನೋಡಿ ಕೊಳ್ಳಬೇಡಿ, ಎತ್ತರ ನೋಡಿ ಕೊಳ್ಳಿ. ಹನ್ನೆರಡು ವರ್ಷದ ಇಬ್ಬರು ಮಕ್ಕಳ ಎತ್ತರದಲ್ಲಿ ಅರ್ಧ ಅಡಿ ವ್ಯತ್ಯಾಸ ಇರುವುದು ಸಾಮಾನ್ಯ. ತಂದೆ ಮತ್ತು ಹದಿಹರೆಯದ ಮಗ ಒಂದೇ ಸೈಕಲ್ ಹಂಚಿಕೊಳ್ಳುವುದಾದರೆ ಇಬ್ಬರಲ್ಲಿ ಗಿಡ್ಡ ಇರುವವರ ಅಳತೆಗೆ ಫ್ರೇಮ್ ಆರಿಸಿ. ಸೀಟನ್ನು ಎತ್ತಬಹುದು, ಫ್ರೇಮನ್ನು ತಗ್ಗಿಸಲಾಗದು.

ಕಣ್ಣಿಗೆ ಕಾಣುವುದಕ್ಕೆ ಹಣ ಕೊಡಬೇಡಿ

ಹತ್ತು ಸಾವಿರದೊಳಗಿನ ಸೈಕಲ್ ತಯಾರಿಸುವವನ ಕೈಯಲ್ಲೂ ಇರುವುದು ಅಷ್ಟೇ ಹಣ. ಎರಡು ಶಾಕ್, ಎರಡು ಡಿಸ್ಕ್, 21 ಗೇರು ಎಲ್ಲವನ್ನೂ ಅದರಲ್ಲೇ ತುಂಬಿದರೆ ಒಂದೊಂದಕ್ಕೂ ಉಳಿಯುವುದು ಚಿಲ್ಲರೆ. ಹೀಗಾಗಿ ಈ ಬೆಲೆಯಲ್ಲಿ ಭಾಗಗಳು ಕಡಿಮೆ ಇರುವ ಸೈಕಲ್ಲೇ ಹೆಚ್ಚು ಬಾಳುತ್ತದೆ.

ಸೀಟಿನ ಕೆಳಗೆ ಸ್ಪ್ರಿಂಗ್ ಇರುವ ಹಿಂದಿನ ಶಾಕ್ ಅಂತೂ ಬೇಡವೇ ಬೇಡ. ಅಗ್ಗದ ಸೈಕಲ್‌ನಲ್ಲಿ ಅದು ಬರೀ ಒಂದು ಉಕ್ಕಿನ ಸುರುಳಿ. ನೀವು ಪೆಡಲ್ ಒತ್ತಿದಾಗಲೆಲ್ಲ ಸ್ವಲ್ಪ ಬಲವನ್ನು ಅದು ನುಂಗುತ್ತದೆ, ಏರು ಬಂದಾಗ ಸೈಕಲ್ ಕುಪ್ಪಳಿಸುತ್ತದೆ, ತೂಕವೂ ಹೆಚ್ಚು. ಈ ದರ್ಜೆಯ ಉಕ್ಕಿನ ಸೈಕಲ್‌ಗಳು ಸಾಮಾನ್ಯವಾಗಿ 16ರಿಂದ 20 ಕಿಲೋ ತೂಗುತ್ತವೆ. ಹತ್ತು ವರ್ಷದ ಮಗುವಿನ ತೂಕ 28 ಕಿಲೋ ಇದ್ದರೆ ತನ್ನ ಮೈತೂಕದ ಅರ್ಧಕ್ಕಿಂತ ಹೆಚ್ಚಿನದನ್ನು ಅದು ಎಳೆಯಬೇಕು. ಮಗು ಸೈಕಲ್ ಬಿಟ್ಟು ಮೊಬೈಲ್ ಹಿಡಿಯುವುದರಲ್ಲಿ ಆಶ್ಚರ್ಯವೇನು? ಪುಟದಲ್ಲಿ ತೂಕ ಬರೆದಿದೆಯೇ ನೋಡಿ. ಮುಂದಿನ ಶಾಕ್ ಕೂಡ ಇಲ್ಲದ ಸೈಕಲ್ ಸಿಕ್ಕಿದರೆ ಒಳ್ಳೆಯದೇ. ಗುಂಡಿಯ ಪೆಟ್ಟನ್ನು ತಡೆಯಲು ಹದವಾಗಿ ಗಾಳಿ ತುಂಬಿದ ಎರಡಿಂಚು ಅಗಲದ ಟಯರು ಬಹುಮಟ್ಟಿಗೆ ಸಾಕು.

ಬ್ರೇಕಿನ ವಿಷಯದಲ್ಲಿ ಜನ ಎರಡು ಪಂಗಡ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕು ಮಳೆಯಲ್ಲೂ ಕೆಸರಿನಲ್ಲೂ ಚೆನ್ನಾಗಿ ಹಿಡಿಯುತ್ತದೆ, ಇದು ನಿಜ. ಕರಾವಳಿ, ಮಲೆನಾಡಿನವರಿಗೆ ಇದು ಸಣ್ಣ ಮಾತಲ್ಲ. ಆದರೆ ತೀರಾ ಅಗ್ಗದ ಸೈಕಲ್‌ಗಳಲ್ಲಿ ತೆಳುವಾದ ಡಿಸ್ಕು ಸಾಗಣೆಯಲ್ಲೇ ಬಾಗಿ ಬರುತ್ತದೆ, ಉಜ್ಜುತ್ತಾ ಕಿರ್‌ಗುಟ್ಟುತ್ತದೆ, ಊರಿನ ಮೆಕ್ಯಾನಿಕ್‌ಗೆ ಅದರ ಪ್ಯಾಡು ಸಿಗುವುದಿಲ್ಲ. ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ವಿ-ಬ್ರೇಕಿನ ರಬ್ಬರು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಮನೆಯಲ್ಲೇ ಬದಲಿಸಬಹುದು. ರಿಮ್ ಒದ್ದೆಯಾದಾಗ ಮಾತ್ರ ನಿಲ್ಲಲು ಹೆಚ್ಚು ದೂರ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಎಂಟು ಸಾವಿರದೊಳಗೆ ವಿ-ಬ್ರೇಕು, ಅದಕ್ಕಿಂತ ಮೇಲೆ ಹೋಗುವ ಶಕ್ತಿ ಇದ್ದರೆ ಮತ್ತು ನಿಮ್ಮೂರು ಹೆಚ್ಚು ಮಳೆಯದ್ದಾದರೆ ಡಿಸ್ಕು.

ಗೇರು ಎಷ್ಟು? 21 ಎಂದರೆ ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರಗಳ ಗುಣಾಕಾರ. ಅವುಗಳಲ್ಲಿ ಅನೇಕ ಒಂದನ್ನೊಂದು ಹೋಲುತ್ತವೆ. ಸಮತಟ್ಟಾದ ಊರಿನಲ್ಲಿ, ಉದಾಹರಣೆಗೆ ಬಯಲುಸೀಮೆಯ ಬಹುಪಾಲು ಕಡೆ, ಗೇರೇ ಇಲ್ಲದ ಸೈಕಲ್ ಸಾಕು. ಮಂಗಳೂರು, ಮಡಿಕೇರಿಯಂಥ ಏರುತಗ್ಗಿನ ಊರಿನವರಿಗೆ ಗೇರು ಬೇಕು. ಹಿಂದೆ ಮಾತ್ರ ಏಳು ಗೇರು ಇರುವ ಸೈಕಲ್ ಸಿಕ್ಕಿದರೆ ನಿರ್ವಹಣೆ ಸುಲಭ. ಮಗುವಿಗೆ ಕಲಿಸಬೇಕಾದ್ದು ಇಷ್ಟೇ: ಪೆಡಲ್ ತಿರುಗುತ್ತಿರುವಾಗ ಗೇರು ಬದಲಿಸು, ಏರು ಶುರುವಾಗುವ ಮೊದಲೇ ಬದಲಿಸು, ನಿಂತಿರುವಾಗ ಗುಂಡಿ ಒತ್ತಬೇಡ.

ಫ್ರೇಮ್ ಉಕ್ಕಿನದ್ದೋ ಅಲ್ಯೂಮಿನಿಯಂ ಮಿಶ್ರಲೋಹದ್ದೋ ಎಂಬುದನ್ನು ಸಮುದ್ರ ತೀರದವರು ಗಮನಿಸಲೇಬೇಕು. ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಮಿಶ್ರಲೋಹದ ಫ್ರೇಮಿಗೆ ಆ ಕಾಟ ಇಲ್ಲ, ಬೆಲೆ ಮಾತ್ರ ಸ್ವಲ್ಪ ಹೆಚ್ಚು.

ಇನ್ನು ಬ್ರಾಂಡ್. ಲುಧಿಯಾನಾದ ಹೀರೋ ಮತ್ತು ಏವನ್, ಚೆನ್ನೈ ಮೂಲದ ಹರ್ಕ್ಯುಲಿಸ್, ಬಿಎಸ್‌ಎ, ಡೆಕತ್ಲಾನ್‌ನ ರಾಕ್‌ರೈಡರ್ ಇವೆಲ್ಲ ನಮ್ಮಲ್ಲಿ ಪರಿಚಿತ ಹೆಸರುಗಳು. ಹೆಸರಿನ ಮೋಹಕ್ಕಿಂತ ಒಂದು ಕೆಲಸ ಮಾಡಿ: ನಿಮ್ಮ ಬೀದಿಯ ಸೈಕಲ್ ಶಾಪಿನವರಿಗೆ ಆ ಪುಟವನ್ನು ತೋರಿಸಿ, ‘ಇದರ ಸಾಮಾನು ನಿಮ್ಮಲ್ಲಿ ಸಿಗುತ್ತದಾ? ರಿಪೇರಿ ಮಾಡುತ್ತೀರಾ?’ ಎಂದು ಕೇಳಿ. ಅವರ ಉತ್ತರವೇ ನಿಮಗೆ ನಿಜವಾದ ಗ್ಯಾರಂಟಿ.

ಹೆಣ್ಣುಮಕ್ಕಳ ಸೈಕಲ್

ಮಗಳೂ ಓಡಿಸುತ್ತಾಳೆ, ತಾಯಂದಿರೂ ಬೆಳಗ್ಗೆ ಒಂದು ಸುತ್ತು ಹೋಗಿಬರುತ್ತಾರೆ ಎಂದಾದರೆ ಮೌಂಟನ್ ಸೈಕಲ್‌ನ ಒಂದು ಕೊರತೆಯನ್ನು ತಿಳಿದಿರಬೇಕು. ಅದಕ್ಕೆ ಚೈನಿನ ಮೇಲೆ ಪೂರ್ತಿ ಕವರ್ ಇರುವುದಿಲ್ಲ, ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ತಡೆಯುವ ಬಲೆಯೂ ಇರುವುದಿಲ್ಲ. ಬುರ್ಖಾದ ಅಂಚು, ದುಪಟ್ಟಾದ ತುದಿ, ಅಗಲ ಕಾಲಿನ ಸಲ್ವಾರ್ ಇವು ಚೈನಿಗೋ ಚಕ್ರದ ಕಡ್ಡಿಗೋ ಸಿಕ್ಕರೆ ಸೈಕಲ್ ಅಲ್ಲೇ ಗಕ್ಕನೆ ನಿಲ್ಲುತ್ತದೆ, ಸವಾರಳು ಮುಂದಕ್ಕೆ ಎಸೆಯಲ್ಪಡುತ್ತಾಳೆ. ದುಪಟ್ಟಾ ಕತ್ತನ್ನೇ ಬಿಗಿಯಬಹುದು.

ಇದಕ್ಕೆ ಸೈಕಲ್ ಬೇಡ ಎನ್ನುವುದು ಪರಿಹಾರವಲ್ಲ. ಮೇಲಿನ ಕೋಲು ಕೆಳಕ್ಕೆ ಬಾಗಿರುವ, ಹತ್ತಲು ಇಳಿಯಲು ಸುಲಭವಾದ ಫ್ರೇಮ್ ಆರಿಸಿ. ಇದರಲ್ಲೂ ದಪ್ಪ ಟಯರಿನವು ಸಿಗುತ್ತವೆ. ಚೈನ್ ಕವರ್ ಮತ್ತು ಹಿಂದಿನ ಚಕ್ರದ ಬಲೆಯನ್ನು ಬೇರೆಯಾಗಿ ಹಾಕಿಸಿ. ಪಾದದ ಗಂಟಿನ ಬಳಿ ಬಟ್ಟೆಯನ್ನು ಅಗಲದ ಎಲಾಸ್ಟಿಕ್ ಪಟ್ಟಿಯಿಂದ ಕಟ್ಟಿ, ಶಿರವಸ್ತ್ರದ ತುದಿಗಳನ್ನು ಉಡುಪಿನ ಒಳಗೆ ಸೇರಿಸಿ ಪಿನ್ ಮಾಡಿ. ಸವಾರಿಗೆಂದೇ ಮೊಣಕಾಲಿನವರೆಗಿನ ಸಡಿಲ ಕುರ್ತಾ ಮತ್ತು ಕಾಲ ತುದಿ ಕಿರಿದಾದ ಪ್ಯಾಂಟು ಹೊಲಿಸಿಕೊಂಡರೆ ಇನ್ನೂ ನಿಶ್ಚಿಂತೆ.

ಇನ್ನೊಂದು ವಿಷಯವೂ ಇಲ್ಲೇ ಹೇಳಬೇಕು. ಪುಟ್ಟ ತಮ್ಮನನ್ನೋ ತಂಗಿಯನ್ನೋ ಹಿಂದೆ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಸಾಮಾನ್ಯ. ಇಳಿಬಿಟ್ಟ ಕಾಲು ಕಡ್ಡಿಗಳ ನಡುವೆ ಸಿಲುಕಿದರೆ ಹಿಮ್ಮಡಿಯ ಚರ್ಮವೇ ಸುಲಿದು ಬರುತ್ತದೆ. ಕೆಲವೊಮ್ಮೆ ಮೂಳೆಯೂ ಮುರಿದಿರುತ್ತದೆ, ಗಾಯ ವಾಸಿಯಾಗಲು ವಾರಗಟ್ಟಲೆ ಬೇಕು. ಕಾಲಿಡಲು ಭದ್ರ ಜಾಗ ಮತ್ತು ಚಕ್ರಕ್ಕೆ ಬಲೆ ಇಲ್ಲದ ಸೈಕಲ್‌ನಲ್ಲಿ ಯಾರನ್ನೂ ಹಿಂದೆ ಕೂರಿಸಬೇಡಿ.

ಪುಟ ಓದುವ ಬಗೆ

ಗೀಟು ಹಾಕಿದ ಬೆಲೆಯನ್ನು ಮರೆತುಬಿಡಿ. ಅದೇ ಸೈಕಲ್ ಬೇರೆ ಎರಡು ಕಡೆ ಎಷ್ಟಕ್ಕೆ ಇದೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಹಳೆಯ ದರವನ್ನೇ ತೋರಿಸುತ್ತಿದ್ದರೆ ಪ್ರಶ್ನಿಸಿ. ಸಾಗಣೆ ವೆಚ್ಚ ಸೇರಿದೆಯೇ, ಜೋಡಿಸಿಕೊಡಲು ಮನೆಗೆ ಯಾರಾದರೂ ಬರುತ್ತಾರೆಯೇ, ಅದಕ್ಕೆ ಬೇರೆ ಹಣವೇ ಎಂಬುದನ್ನು ಓದಿ. ಚಿತ್ರದಲ್ಲಿ ಕಾಣುವ ಸ್ಟ್ಯಾಂಡು, ಮಡ್‌ಗಾರ್ಡು, ಬೆಲ್ಲು ಪೆಟ್ಟಿಗೆಯಲ್ಲಿ ಇರುತ್ತವೆಂದು ಅಂದುಕೊಳ್ಳಬೇಡಿ. ‘ಪೆಟ್ಟಿಗೆಯಲ್ಲಿ ಏನೇನಿದೆ’ ಎಂಬ ಪಟ್ಟಿಯೇ ಪ್ರಮಾಣ. ಹೆಲ್ಮೆಟ್, ಮುಂದೆ ಹಿಂದೆ ದೀಪ, ಬೀಗ, ಬೆಲ್ಲು, ಮಡ್‌ಗಾರ್ಡು, ಗಾಳಿ ಪಂಪು, ಮೆಕ್ಯಾನಿಕ್‌ನ ಕೂಲಿ ಇಷ್ಟಕ್ಕೆ ಎರಡು ಸಾವಿರದಷ್ಟು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಸೈಕಲ್ ಹುಡುಕಿ.

ಮಾರುವವರ ಹೆಸರು, ತಯಾರಿಸಿದ ದೇಶ, ಗರಿಷ್ಠ ಮಾರಾಟ ಬೆಲೆ ಇವುಗಳನ್ನು ಪುಟದಲ್ಲಿ ತೋರಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಸೈಕಲ್‌ಗೆ ಬಹಳ ಕಡೆ ‘ಬದಲಿ ಮಾತ್ರ, ಹಣ ವಾಪಸಿಲ್ಲ’ ಎಂಬ ಷರತ್ತು ಇರುತ್ತದೆ. ‘ಜೋಡಿಸಿದ ಮೇಲೆ ಹಿಂತೆಗೆದುಕೊಳ್ಳುವುದಿಲ್ಲ’ ಎಂಬುದೂ ಇರಬಹುದು. ಅದನ್ನು ಆರ್ಡರ್‌ಗೆ ಮೊದಲೇ ಓದಿ. ಅಭಿಪ್ರಾಯಗಳಲ್ಲಿ ಐದು ನಕ್ಷತ್ರದವನ್ನು ಬಿಟ್ಟು ಎರಡು, ಮೂರು ನಕ್ಷತ್ರ ಕೊಟ್ಟವರ ಮಾತು ಓದಿ, ಅದರಲ್ಲೂ ಕೊಂಡು ಆರು ತಿಂಗಳ ಮೇಲೆ ಬರೆದವರದ್ದು. ‘ಬಾಕ್ಸ್ ಚೆನ್ನಾಗಿತ್ತು, ಬೇಗ ಬಂತು’ ಎಂಬುದರಿಂದ ನಿಮಗೇನೂ ತಿಳಿಯದು. ‘ಪೆಡಲ್ ಕಳಚಿತು’ ಎಂದು ನಾಲ್ಕು ಜನ ಬರೆದಿದ್ದರೆ ಅಲ್ಲಿಂದ ಹೊರಬನ್ನಿ.

ಕಂತಿನ ಬಗ್ಗೆ ಎರಡು ಮಾತು. ‘ನೋ ಕಾಸ್ಟ್ ಇಎಂಐ’ ಎಂದು ಕಂಡ ಕೂಡಲೇ ಬಡ್ಡಿ ಇಲ್ಲ ಎಂದುಕೊಳ್ಳುವವರು ನಮ್ಮಲ್ಲಿ ಅನೇಕರು. ಸಾಮಾನ್ಯವಾಗಿ ಅಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ಕಳೆದಿರುತ್ತಾರೆ. ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ಮತ್ತು ಅದರ ಮೇಲಿನ ತೆರಿಗೆ ಬೇರೆಬೇರೆಯಾಗಿ ಕಾಣುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಶುಲ್ಕದ ರೂಪದಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಬಡ್ಡಿಯ ವ್ಯವಹಾರದಿಂದ ದೂರ ಇರಬೇಕೆನ್ನುವ ಕುಟುಂಬ ಮಗುವಿಗೆ ವಿಷಯ ತಿಳಿಸಿ ಎರಡು ತಿಂಗಳು ಹಣ ಕೂಡಿಸಲಿ. ಅಥವಾ ಒಳ್ಳೆಯ ಸ್ಥಿತಿಯ ಹಳೆಯ ಸೈಕಲ್ ಹುಡುಕಲಿ. ಅಳತೆಗೆ ಸರಿಯಾದ ಹಳೆಯದು ಅಳತೆ ತಪ್ಪಿದ ಹೊಸದಕ್ಕಿಂತ ಸಾವಿರ ಪಾಲು ಮೇಲು.

ಗೇರ್ ಸೈಕಲ್ 1,999ಕ್ಕೆ, ಇವತ್ತು ರಾತ್ರಿಯವರೆಗೆ ಮಾತ್ರ ಎಂಬ ಜಾಹೀರಾತು ಬಂದರೆ ಅದು ಸೈಕಲ್ ಮಾರಾಟವಲ್ಲ, ಬಲೆ. ಹಬ್ಬದ ದಿನಗಳಲ್ಲಿ ಇವು ಹೆಚ್ಚು. ಗೊತ್ತಿಲ್ಲದ ತಾಣಕ್ಕೆ ಮುಂಗಡ ಹಣ ಕಳಿಸಬೇಡಿ. ಹಣ ವಾಪಸು ಪಡೆಯಲು ಯುಪಿಐ ಪಿನ್ ಒತ್ತಬೇಕಾದ ಅಗತ್ಯ ಯಾವ ಕಾಲಕ್ಕೂ ಇಲ್ಲ. ಮೋಸ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಕೈತಪ್ಪುತ್ತದೆ. ಸರಿಯಾದ ಮಾರಾಟಗಾರನೇ ಕೆಟ್ಟ ಸೈಕಲ್ ಕಳಿಸಿ ಹಿಂತೆಗೆದುಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಪೆಟ್ಟಿಗೆ ಬಂದ ದಿನ

ಪೆಟ್ಟಿಗೆ ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೋ ತೆಗೆಯಿರಿ. ಫ್ರೇಮಿನ ಮೇಲೆ ಅಚ್ಚಾಗಿರುವ ನಂಬರ್ ಬರೆದಿಟ್ಟುಕೊಳ್ಳಿ, ಕಳವಾದರೆ ಬೇಕಾಗುತ್ತದೆ. ‘85 ಶೇಕಡಾ ಜೋಡಿಸಿದೆ’ ಎಂದು ಬರೆದಿದ್ದರೆ ಉಳಿದ 15ರಲ್ಲಿ ಬರುವುದು ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್, ಸೀಟು. ಅಂದರೆ ಕಳಚಿದರೆ ಮೂತಿ ಒಡೆಯುವಂಥ ಭಾಗಗಳೇ. ಜತೆಗೆ ಬರುವ ತಗಡಿನ ಸ್ಪ್ಯಾನರ್‌ನಿಂದ ಮನೆಯಲ್ಲೇ ಬಿಗಿದು, ಸಂಜೆಗೆ ಮಗುವನ್ನು ರಸ್ತೆಗೆ ಬಿಡುವುದು ತೀರಾ ಅಪಾಯ. ಇನ್ನೂರು ಮುನ್ನೂರು ರೂಪಾಯಿ ಹೋದರೂ ಸರಿ, ಸೈಕಲ್ ಶಾಪಿಗೆ ಒಯ್ಯಿರಿ.

ಅವರು ಕೆಲಸ ಮಾಡುವಾಗ ನೀವೂ ನೋಡುತ್ತಿರಿ. ಎಡ ಪೆಡಲಿನ ಮರೆ ಉಲ್ಟಾ, ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಬಿಗಿಯಾಗುತ್ತದೆ. ಪೆಡಲಿನ ಮೇಲೆ ಇಂಗ್ಲಿಷಿನ ಎಲ್, ಆರ್ ಅಕ್ಷರ ಇರುತ್ತದೆ. ಗೊತ್ತಿಲ್ಲದೆ ಬಲವಂತದಿಂದ ತಿರುಗಿಸಿದರೆ ಮರೆ ಸವೆದು ಆ ಕಾಲೇ ಹಾಳು. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಡಿಸ್ಕ್ ಇದ್ದರೆ ಸವಾರನ ಎಡಬದಿಗೆ ಇರಬೇಕು, ವಿ-ಬ್ರೇಕ್ ಇದ್ದರೆ ಅದರ ತೋಳುಗಳು ಫೋರ್ಕಿನ ಮುಂದುಗಡೆ ಇರಬೇಕು.

ಮನೆಗೆ ತಂದ ಮೇಲೆ ನಿಮ್ಮದೇ ಪರೀಕ್ಷೆ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡಿ, ಅಲುಗಬಾರದು. ಸೈಕಲನ್ನು ಒಂದು ಅಂಗೈಯಷ್ಟು ಎತ್ತಿ ನೆಲಕ್ಕೆ ಬಿಡಿ, ಗಲಗಲ ಶಬ್ದ ಬಂದರೆ ಏನೋ ಸಡಿಲ. ಮುಂದಿನ ಬ್ರೇಕ್ ಹಿಡಿದು ತಳ್ಳಿ, ಹಿಂದಿನ ಚಕ್ರ ಏಳಬೇಕು. ಹಿಂದಿನ ಬ್ರೇಕ್ ಹಿಡಿದು ತಳ್ಳಿ, ಚಕ್ರ ತಿರುಗದೆ ಜಾರಬೇಕು. ಯಾವ ಕೈ ಯಾವ ಬ್ರೇಕು ಎಂಬುದನ್ನು ಮಗುವಿಗೆ ಕಲಿಸಿ, ಎರಡನ್ನೂ ಒಟ್ಟಿಗೆ ಮೆಲ್ಲಗೆ ಒತ್ತುವ ಅಭ್ಯಾಸ ಮಾಡಿಸಿ. ಇಳಿಜಾರಿನಲ್ಲಿ ಮುಂದಿನದನ್ನು ಮಾತ್ರ ಜೋರಾಗಿ ಹಿಡಿದರೆ ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಾರೆ.

ಹೊಸ ಕೇಬಲ್ ಒಂದೆರಡು ವಾರದಲ್ಲಿ ಸಡಿಲಾಗುತ್ತದೆ, ಕಡ್ಡಿಗಳೂ ಕೂತುಕೊಳ್ಳುತ್ತವೆ. ಹದಿನೈದು ದಿನಕ್ಕೆ ಮತ್ತೊಮ್ಮೆ ಮೆಕ್ಯಾನಿಕ್ ಬಳಿಗೆ ಒಯ್ದು ಎಲ್ಲವನ್ನೂ ಬಿಗಿ ಮಾಡಿಸಿ. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ.

ಟಯರಿನ ಗಾಳಿ ಎಷ್ಟಿರಬೇಕೆಂದು ಅದರ ಬದಿಯಲ್ಲೇ ಅಚ್ಚು ಹಾಕಿರುತ್ತಾರೆ. ಮೌಂಟನ್ ಸೈಕಲ್‌ಗಳ ಟ್ಯೂಬಿಗೆ ಸಾಮಾನ್ಯವಾಗಿ ಸ್ಕೂಟರಿನಂಥದ್ದೇ ವಾಲ್ವ್ ಇರುವುದರಿಂದ ಪೆಟ್ರೋಲ್ ಬಂಕಿನಲ್ಲೂ ತುಂಬಿಸಬಹುದು. ಆದರೆ ಆ ಯಂತ್ರದ ರಭಸಕ್ಕೆ ಸೈಕಲ್ ಟ್ಯೂಬು ಕೆಲವೇ ಸೆಕೆಂಡುಗಳಲ್ಲಿ ಒಡೆದೀತು, ಸ್ವಲ್ಪಸ್ವಲ್ಪವೇ ಬಿಡಿಸಿ.

ಹ್ಯಾಂಡಲಿನ ತುದಿ, ತಲೆ, ಮಂಡಿ

ಹ್ಯಾಂಡಲಿನ ಎರಡೂ ತುದಿಗಳನ್ನು ನೋಡಿ. ರಬ್ಬರ್ ಹಿಡಿ ಹರಿದು ಒಳಗಿನ ಕೊಳವೆಯ ಬಾಯಿ ಹೊರಬಂದಿದ್ದರೆ ಆ ಸೈಕಲ್ ಮಕ್ಕಳಿಗೆ ಕೊಡಬೇಡಿ. ಬೀಳುವಾಗ ಹ್ಯಾಂಡಲು ತಿರುಗಿ ಆ ತುದಿ ಹೊಟ್ಟೆಗೆ ಚುಚ್ಚುತ್ತದೆ. ಹೊರಗೆ ನಾಣ್ಯದಷ್ಟು ದುಂಡನೆಯ ಗುರುತು ಮಾತ್ರ ಕಾಣಬಹುದು, ಒಳಗೆ ಯಕೃತ್ತು, ಗುಲ್ಮ, ಮೇದೋಜೀರಕ ಗ್ರಂಥಿ ಅಥವಾ ಕರುಳಿಗೆ ಪೆಟ್ಟಾಗಿರಬಹುದು. ಮಗು ಬಯ್ಗುಳಕ್ಕೆ ಹೆದರಿ ಬಿದ್ದದ್ದನ್ನೇ ಹೇಳುವುದಿಲ್ಲ. ಸೈಕಲ್‌ನಿಂದ ಬಿದ್ದ ಮಗು ಹೊಟ್ಟೆನೋವು ಎಂದರೆ, ವಾಂತಿ ಮಾಡಿದರೆ, ಊಟ ಬೇಡ ಎಂದು ಮಂಕಾಗಿ ಮಲಗಿದರೆ ನೋವಿನ ಎಣ್ಣೆ ಹಚ್ಚುತ್ತಾ ಕೂರದೆ ಆಸ್ಪತ್ರೆಗೆ ಒಯ್ಯಿರಿ, ‘ಹ್ಯಾಂಡಲ್ ಹೊಟ್ಟೆಗೆ ತಾಗಿದೆ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ರಬ್ಬರ್ ಹಿಡಿಯ ಜೋಡಿಗೆ ನೂರಿನ್ನೂರು ರೂಪಾಯಿ.

ಹೆಲ್ಮೆಟ್ ಬೇಕೇ ಎಂದು ಕೇಳುವವರಿಗೆ: 64 ಸಾವಿರಕ್ಕೂ ಹೆಚ್ಚು ಗಾಯಾಳು ಸೈಕಲ್ ಸವಾರರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹೆಲ್ಮೆಟ್ ಹಾಕಿದವರಲ್ಲಿ ತಲೆಗೆ ತೀವ್ರ ಪೆಟ್ಟಾಗುವ ಸಂಭವ ಸುಮಾರು ಶೇ. 69ರಷ್ಟು ಕಡಿಮೆ ಕಂಡುಬಂದಿತ್ತು. ಹುಬ್ಬಿನಿಂದ ಎರಡು ಬೆರಳು ಮೇಲೆ, ನೆತ್ತಿಗೆ ಸಮವಾಗಿ ಕೂರಬೇಕು, ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ಶಿರವಸ್ತ್ರದ ಮೇಲೆ ಹಾಕುವವರು ತೆಳ್ಳಗಿನ ಹತ್ತಿ ಬಟ್ಟೆಯನ್ನು ಗಂಟು, ದಪ್ಪ ಮಡಿಕೆ ಇಲ್ಲದಂತೆ ಸುತ್ತಿ, ಅದರ ಮೇಲೇ ಅಳತೆ ನೋಡಿ ಕೊಳ್ಳಿ. ಒಳಗಿನ ಸ್ಪಂಜಿನ ಪಟ್ಟಿಗಳನ್ನು ತೆಗೆಯಲು ಬರುತ್ತದೆ; ವಾರಕ್ಕೊಮ್ಮೆ ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಣ್ಣನ ಬೆವರಿನ ಹೆಲ್ಮೆಟನ್ನೇ ತಮ್ಮನೂ ಹಾಕಿದರೆ ಹೇನು, ತಲೆಯ ಹುಳುಕಡ್ಡಿ ಹರಡುವುದು ಸುಲಭ. ಒಮ್ಮೆ ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ.

ಮಂಡಿನೋವಿಗೆ ಸಾಮಾನ್ಯ ಕಾರಣ ಸೀಟು ತಗ್ಗಿರುವುದು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಮಡಿಚಿರುತ್ತದೆ. ಕಲಿಯುವ ಮಗುವಿಗೆ ಮಾತ್ರ ಎರಡೂ ಪಾದ ನೆಲಕ್ಕೆ ತಾಗುವಂತೆ ತಗ್ಗಿಸಿ, ಧೈರ್ಯ ಬಂದಂತೆ ಏರಿಸುತ್ತಾ ಹೋಗಿ. ಸೀಟಿನ ಕೊಳವೆಯ ಮೇಲೆ ಒಂದು ಗೆರೆ ಇದೆ, ಅದು ಹೊರಗೆ ಕಾಣುವಷ್ಟು ಎಳೆಯಬಾರದು. ತೊಡೆಸಂದಿ ಮರಗಟ್ಟಿದರೆ ಸೀಟಿನ ಮೂತಿ ಮೇಲಕ್ಕೆ ಎದ್ದಿದೆಯೇ ನೋಡಿ ಸಮ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿಯಿರಿ. ಒದ್ದೆ ಬಟ್ಟೆಯಲ್ಲೇ ಕೂತಿರುವುದರಿಂದ ತೊಡೆಯಲ್ಲಿ ಕಜ್ಜಿ ಏಳುತ್ತದೆ, ಸವಾರಿ ಮುಗಿದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಸೈಕಲ್ ಹತ್ತಬೇಡಿ. ಜೇಬಿನಲ್ಲಿ ನಾಲ್ಕು ಚಮಚದಷ್ಟು ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಕೂಡಲೇ ಇಳಿದು ಬಾಯಿಗೆ ಹಾಕಿಕೊಳ್ಳಿ. ಚಪ್ಪಲಿ ಬೇಡ, ಬೆರಳು ಮುಚ್ಚುವ ಶೂ ಹಾಕಿ, ಮನೆಗೆ ಬಂದು ಪಾದದ ಅಡಿ ನೋಡಿಕೊಳ್ಳಿ. ಹೃದಯದ ತೊಂದರೆ ಇದ್ದವರು, ಏರು ಹತ್ತುವಾಗ ಎದೆ ಬಿಗಿಯುವವರು ವೈದ್ಯರನ್ನು ಕೇಳಿಯೇ ಶುರುಮಾಡಿ. ಮೊದಲ ವಾರ ದಿನಕ್ಕೆ ಹದಿನೈದು ನಿಮಿಷ, ಮಾತಾಡುತ್ತಾ ತುಳಿಯಲು ಆಗುವಷ್ಟು ವೇಗ ಸಾಕು. ರಮಝಾನಿನಲ್ಲಿ ತುಳಿಯಬೇಕೆಂದರೆ ಇಫ್ತಾರ್ ಆಗಿ ಒಂದೆರಡು ಗಂಟೆ ಕಳೆದ ಮೇಲೆ, ಹಿಂದೆ ಕೆಂಪು ದೀಪ ಉರಿಸಿಕೊಂಡು, ವಾಹನ ಕಡಿಮೆ ಇರುವ ರಸ್ತೆಯಲ್ಲಿ.